ಮೂರು ಪುಟ್ಟ ಕಾಂಪೌಂಡ್ ಬಿಲ್ಲುಗಳು: ಜಿಂಕೆ ಬೇಟೆಗೆ ಯಾವುದು?

ಪೆನ್ಸಿಲ್ವೇನಿಯಾದಲ್ಲಿ ಬಿಲ್ಲು ಬೇಟೆಯ ಸೀಸನ್ ಹತ್ತಿರ ಬಂದಾಗಲೆಲ್ಲ ಇಲ್ಲಿನ ಕನ್ನಡದ ಗೆಳೆಯರಲ್ಲಿ ಯಾರಾದರೂ ಕೇಳುತ್ತಾರೆ: "ಚಿಕ್ಕ ಕಾಂಪೌಂಡ್ ಬಿಲ್ಲು ತಗೋಬೇಕು, ಯಾವುದು ಒಳ್ಳೇದು?" ಎರಡೂ ತುದಿಯಲ್ಲಿ ಕ್ಯಾಮ್ ಎನ್ನುವ ಚಕ್ರಗಳಿರುವ ಬಿಲ್ಲೇ ಕಾಂಪೌಂಡ್ ಬಿಲ್ಲು. ಊರಿನಲ್ಲಿ ಬೇಟೆಗೆ ತಡೆ ಹಾಕಿದ 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ನಮ್ಮಲ್ಲಿ ಬಹಳ ಜನ ಬಿಲ್ಲು ಬೇಟೆಯನ್ನು ಇಲ್ಲಿಗೆ ಬಂದ ಮೇಲೇ ಕಲಿತವರು. ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ವೇಗದ ಅಂಕಿ. ಅದನ್ನು ನೋಡಿ ಬಿಲ್ಲು ಆರಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ತೋಳಿನ ಉದ್ದ ಎಷ್ಟು, ಕಾಡಿನಲ್ಲಿ ಎಲ್ಲಿ ಕೂರುತ್ತೀರಿ, ಇವೆರಡೇ ಮುಖ್ಯ.

ನಾನು ಬಳಸಿ ನೋಡಿದ್ದು ಬೇರ್ ಕ್ರೂಸರ್ ಜಿ2, ಡೈಮಂಡ್ ಎಡ್ಜ್ 320 ಮತ್ತು ಮ್ಯಾಥ್ಯೂಸ್ ವಿ3 27. ಒಂದು ಆಕ್ಸಲ್‌ನಿಂದ (ಕ್ಯಾಮ್ ತಿರುಗುವ ಅಚ್ಚಿನಿಂದ) ಇನ್ನೊಂದಕ್ಕೆ ಅಳೆದರೆ ಕ್ರೂಸರ್ 30 ಇಂಚು, ಎಡ್ಜ್ 32, ವಿ3 27. ಮೂರನ್ನೂ 60 ಪೌಂಡ್ ಬಲಕ್ಕೆ (ಹೆದೆ ಎಳೆಯಲು ಬೇಕಾದಷ್ಟು) ಇಟ್ಟು, 420 ಗ್ರೇನ್ (ಸುಮಾರು 27 ಗ್ರಾಂ) ತೂಕದ ಬಾಣಗಳನ್ನೇ ಬಳಸಿದೆ.

ಮೊದಲು ವೇಗದ ವಿಷಯ ಮುಗಿಸಿಬಿಡೋಣ. ಸೆಕೆಂಡಿಗೆ ಕ್ರೂಸರ್ 315 ಅಡಿ, ಎಡ್ಜ್ 320, ವಿ3 342 ಅಂತ ಬರೆದಿರುತ್ತಾರೆ. ಆದರೆ ಈ ಅಂಕಿ ಬರುವುದು 30 ಇಂಚಿನ ಎಳೆತ (ಹೆದೆಯನ್ನು ಎಷ್ಟು ಹಿಂದಕ್ಕೆ ಎಳೆಯುತ್ತೀರಿ ಅನ್ನುವ ಅಳತೆ), 70 ಪೌಂಡ್ ಬಲ, 350 ಗ್ರೇನ್ ಬಾಣ ಇದ್ದಾಗ. ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿದರೆ ನಿಮ್ಮ ಎಳೆತ ಸಿಗುತ್ತದೆ. ನನ್ನದು 26.5 ಇಂಚು. ಎಳೆತ ಒಂದು ಇಂಚು ಕಡಿಮೆಯಾದರೆ ಸುಮಾರು 10 ಅಡಿ ಹೋಯಿತು. ಒಂದು ಪೌಂಡ್ ಇಳಿಸಿದರೆ ಸುಮಾರು 2 ಅಡಿ. ಬಾಣ 3 ಗ್ರೇನ್ ಜಾಸ್ತಿ ತೂಗಿದರೆ ಇನ್ನೊಂದು ಅಡಿ. ಎಲ್ಲ ಕಳೆದರೆ ನನ್ನ ಕೈಯಲ್ಲಿ ವಿ3 ಕೊಡುವುದು 264 ಅಡಿ ಆಸುಪಾಸು, ಕ್ರೂಸರ್ 237.

ಇಷ್ಟು ಸಾಕಾ? ಜಿಂಕೆಗೆ ಧಾರಾಳವಾಗಿ ಸಾಕು. ಬಾಣದ ಶಕ್ತಿ ಕ್ರೂಸರ್‌ನಲ್ಲಿ 52 ಫುಟ್-ಪೌಂಡ್, ವಿ3ಯಲ್ಲಿ 65 ಬರುತ್ತದೆ. ಜಿಂಕೆಗೆ ಸಾಮಾನ್ಯವಾಗಿ ಹೇಳುವ ಲೆಕ್ಕ 25ರಿಂದ 41. ಇನ್ನು 20 ಗಜ ದೂರಕ್ಕೆ ಎರಡೂ ಬಾಣ ತಲುಪುವ ಸಮಯದಲ್ಲಿರುವ ಅಂತರ ಸೆಕೆಂಡಿನ ನೂರರಲ್ಲಿ ಮೂರು ಭಾಗಕ್ಕೂ ಕಡಿಮೆ. ಶಬ್ದ ಸೆಕೆಂಡಿಗೆ 1,100 ಅಡಿಗೂ ಜಾಸ್ತಿ ಓಡುತ್ತದೆ. ಅಂದರೆ ಯಾವ ಬಿಲ್ಲಾದರೂ ಹೆದೆಯ ಸದ್ದು ಬಾಣಕ್ಕಿಂತ ಮೊದಲೇ ಜಿಂಕೆಯ ಕಿವಿಗೆ ಬೀಳುತ್ತದೆ. ಅದು ಬೆಚ್ಚಿ ಮೈ ತಗ್ಗಿಸಿದರೆ ಗುರಿ ತಪ್ಪಿತು. ಅದಕ್ಕೇ ನನಗೆ ವೇಗಕ್ಕಿಂತ ಮೌನ ದೊಡ್ಡದು. ಮೂರರಲ್ಲಿ ವಿ3 ಬಿಟ್ಟಾಗ ಕೈಗೆ ಅದುರು ತೀರಾ ಕಡಿಮೆ, ಸದ್ದೂ ಅಷ್ಟೇ ಕಡಿಮೆ.

ನಿಜವಾದ ವ್ಯತ್ಯಾಸ ಗೊತ್ತಾಗುವುದು ಎಳೆದು ಹಿಡಿದಾಗ. 1969ರಲ್ಲಿ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಪೇಟೆಂಟ್ ಪಡೆದ ಈ ಬಿಲ್ಲಿನ ಗುಟ್ಟೇ ಅದು. ಪೂರ್ತಿ ಎಳೆದ ಮೇಲೆ ಭಾರ ಇಳಿದುಬಿಡುತ್ತದೆ. ಕ್ರೂಸರ್‌ನಲ್ಲಿ 70 ಶೇಕಡಾ ಇಳಿಯುತ್ತದೆ, ಅಂದರೆ 60 ಪೌಂಡ್‌ನಲ್ಲಿ 18 ಪೌಂಡ್ ಹಿಡಿದಿರಬೇಕು. ಎಡ್ಜ್ 320ರಲ್ಲಿ 85 ಶೇಕಡಾ, ವಿ3ಯಲ್ಲೂ 85ರ ಮಾಡ್ಯೂಲ್ (ಕ್ಯಾಮ್‌ಗೆ ಕೂರಿಸುವ ಬಿಡಿಭಾಗ) ಸಿಗುತ್ತದೆ. ಆಗ ಬೆರಳಿಗೆ ಬರುವುದು ಬರೀ 9 ಪೌಂಡ್. ಜಿಂಕೆ ಬರುತ್ತದೆ, ನೀವು ಹೆದೆ ಎಳೆಯುತ್ತೀರಿ, ಅದು ಸರಿಯಾಗಿ ಓಕ್ ಮರದ ಹಿಂದೆ ನಿಂತುಬಿಡುತ್ತದೆ. ಮುಂಗಾಲು ಕಾಣುತ್ತದೆ, ಎದೆ ಕಾಣುವುದಿಲ್ಲ. ಹೆದೆ ಬಿಡುವ ಹಾಗಿಲ್ಲ, ಮೆಲ್ಲಗೆ ಇಳಿಸುವ ಹಾಗೂ ಇಲ್ಲ. ಒಂದು ನಿಮಿಷ ಕಳೆಯುವಷ್ಟರಲ್ಲಿ 18 ಪೌಂಡ್‌ಗೆ ಭುಜ ನಡುಗಲು ಶುರುವಾಗುತ್ತದೆ, 9 ಪೌಂಡ್‌ಗೆ ಆಗುವುದಿಲ್ಲ. ಇದೊಂದು ವಿಷಯದಲ್ಲಿ ಎಡ್ಜ್ ಮತ್ತು ವಿ3 ಎರಡೂ ಕ್ರೂಸರ್‌ಗಿಂತ ಮೇಲು.

ಕೂರುವ ಜಾಗಕ್ಕೆ ಬಂದರೆ ಚಿಕ್ಕ ಬಿಲ್ಲಿನ ಬೆಲೆ ಅರ್ಥವಾಗುತ್ತದೆ. ಬಟ್ಟೆಯ ಗುಡಾರದೊಳಗೆ ಸ್ಟೂಲ್ ಮೇಲೆ ಕೂತಾಗ 32 ಇಂಚಿನ ಬಿಲ್ಲಿನ ಮೇಲಿನ ಕ್ಯಾಮ್ ಸೂರಿಗೆ ಹತ್ತಿರ, ಕೆಳಗಿನದು ತೊಡೆಗೆ ಹತ್ತಿರ. ಆಕ್ಸಲ್ ಅಳತೆಯಲ್ಲಿ ಕ್ಯಾಮ್‌ನ ಹೊರಗಿನ ಭಾಗ ಸೇರಿರುವುದಿಲ್ಲ, ನೆನಪಿಡಿ. ಮರದ ಅಟ್ಟಣೆಯ ಮೇಲೆ ಕೂತು ಬಲಕ್ಕೆ ತಿರುಗುವಾಗಲೂ ಹಾಗೇ, ಕೆಳಗಿನ ಕ್ಯಾಮ್ ಕಂಬಿಗೆ ತಾಗಿ ಟಣ್ ಅಂದರೆ ಅವತ್ತಿನ ಬೇಟೆ ಮುಗಿಯಿತು. ವಿ3 ಅಲ್ಲಿ ಸಲೀಸಾಗಿ ತಿರುಗುತ್ತದೆ.

ಚಿಕ್ಕದಕ್ಕೆ ತೊಂದರೆ ಇಲ್ಲವೇ? ಇದೆ. ಬಿಲ್ಲು ಗಿಡ್ಡ ಆದಷ್ಟೂ ಎಳೆದ ಹೆದೆಯ ಮೂಲೆ ಚೂಪಾಗುತ್ತದೆ. 29.5 ಇಂಚಿನ ಎಳೆತದ ಎತ್ತರದ ಗೆಳೆಯನೊಬ್ಬನಿಗೆ 27 ಇಂಚಿನ ಬಿಲ್ಲಿನಲ್ಲಿ ಹೆದೆ ಮೂಗಿನ ತುದಿಗೆ ತಾಕುವುದೇ ಇಲ್ಲ, ತಲೆ ಮುಂದಕ್ಕೆ ಬಗ್ಗಿಸಬೇಕು. ನಮ್ಮಂಥ ಸಾಧಾರಣ ಎತ್ತರದವರಿಗೆ ಆ ಕಾಟ ಇಲ್ಲ. ಇನ್ನೊಂದು, ಎಳೆಯುವ ಮೊದಲು ಹಿಡಿಯಿಂದ ಹೆದೆಗಿರುವ ದೂರ ವಿ3ಯಲ್ಲಿ 6 ಇಂಚು, ಎಡ್ಜ್‌ನಲ್ಲಿ 7.25. ದೂರ ಕಡಿಮೆ ಇದ್ದರೆ ಬಾಣ ಹೆದೆಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಕೈ ಸ್ವಲ್ಪ ತಿರುಚಿದರೂ ಗುರಿಯಲ್ಲಿ ಗೊತ್ತಾಗುತ್ತದೆ. ನವೆಂಬರ್‌ನ ದಪ್ಪ ಜಾಕೆಟ್‌ನ ತೋಳೂ ಹೆದೆಗೆ ಸಿಗಬಹುದು. ತಪ್ಪನ್ನು ಸಹಿಸಿಕೊಳ್ಳುವುದರಲ್ಲಿ ಎಡ್ಜ್ ನಿಜಕ್ಕೂ ಉದಾರಿ.

ಹಾಗಾದರೆ ಕ್ರೂಸರ್ ಯಾರಿಗೆ? ಮನೆಯಲ್ಲಿ ಇಬ್ಬರು ಮೂವರು ಕಲಿಯುವವರಿದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ತೂಕ ಬರೀ 3 ಪೌಂಡ್. ಎಳೆತ 12ರಿಂದ 30 ಇಂಚು, ಬಲ 5ರಿಂದ 70 ಪೌಂಡ್, ಎಲ್ಲವನ್ನೂ ಮನೆಯಲ್ಲೇ ಅಲೆನ್ ಕೀ ಹಿಡಿದು ಬದಲಾಯಿಸಬಹುದು. ನನ್ನ ಹೆಂಡತಿ 45 ಪೌಂಡ್‌ಗೆ ಇಟ್ಟುಕೊಂಡು ಇದನ್ನೇ ಬಳಸುತ್ತಾಳೆ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಕನಿಷ್ಠ 35 ಪೌಂಡ್ ಬೇಕು, ಅದನ್ನು ದಾಟಿದರೆ ಆಯಿತು. ವಿ3ಯಲ್ಲಿ ಎಳೆತ ಬದಲಿಸಲು ಬೇರೆ ಮಾಡ್ಯೂಲ್ ಕೊಳ್ಳಬೇಕು, ಬೆಲೆಯೂ ಕ್ರೂಸರ್‌ಗಿಂತ ತುಂಬಾ ಜಾಸ್ತಿ.

ನಾನು ಕಾಡಿಗೆ ಒಯ್ಯುವುದು ವಿ3 27. ನನ್ನ ಎಳೆತ ಚಿಕ್ಕದು, ಕೂರುವುದು ಗುಡಾರದಲ್ಲಿ, ಹಿಡಿದು ಕಾಯುವುದು ಜಾಸ್ತಿ. ನಿಮ್ಮ ಎಳೆತ 29 ದಾಟಿದ್ದರೆ, ನಿಂತೇ ಹೊಡೆಯುವವರಾದರೆ ಎಡ್ಜ್ 320 ಕಡೆಗೆ ಹೋಗಿ. ಅಂಗಡಿಯಲ್ಲಿ ನಿಂತು ಎಳೆದು ನೋಡಿದರೆ ಸಾಲದು. ದಪ್ಪ ಜಾಕೆಟ್ ಹಾಕಿಕೊಂಡು ಹೋಗಿ, ಒಂದು ಸ್ಟೂಲ್ ಕೇಳಿ, ಕೂತು ಎಳೆಯಿರಿ. ಬಿಲ್ಲಿನಲ್ಲಿ ಉಳಿದ ದುಡ್ಡಿಗೆ ಮೊದಲು ಅಟ್ಟಣೆಯ ಸೇಫ್ಟಿ ಹಾರ್ನೆಸ್, ಆಮೇಲೆ ಒಳ್ಳೆಯ ಬ್ರಾಡ್‌ಹೆಡ್ (ಬಾಣಕ್ಕೆ ಹಾಕುವ ಬೇಟೆಯ ಮೊನೆ) ತಗೊಳ್ಳಿ.