ಇಂಕ್‌ಸ್ಕೇಪ್: ಮೂರು ಮಳೆಗಾಲ, ಒಂದು ಒತ್ತಕ್ಷರ

ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಯಾವ ಯಾವ ಉಪಕರಣಗಳಿವೆ ಎಂದು ಬರೆದವರು ಬೇಕಾದಷ್ಟು ಜನರಿದ್ದಾರೆ. ಹಣ ಕೊಡಬೇಕಿಲ್ಲ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ, ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯದ ಎಸ್‌ವಿಜಿ ರೂಪದಲ್ಲಿ ಉಳಿಸುತ್ತದೆ. ಅಷ್ಟು ಸಾಕು. ನಾನು ಬರೆಯಲು ಕುಳಿತದ್ದು ‘ತುಪ್ಪ’ ಎಂಬ ಎರಡಕ್ಷರದ ಕಾರಣಕ್ಕೆ. ಆ ಪದದಿಂದಲೇ ಈ ತಂತ್ರಾಂಶ ನನಗೆ ಪ್ರಿಯವಾಯಿತು, ಆ ಪದದಿಂದಲೇ ಅದರ ಮೇಲೆ ಸಿಟ್ಟೂ ಬಂತು.

ನಾನು ದೃಶ್ಯಕಲಾ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ, ಓದುತ್ತಿರುವುದು ಗ್ರಾಫಿಕ್ ವಿನ್ಯಾಸ. ಕಾಲೇಜು ಮೈಸೂರಿನಲ್ಲಿ, ಮನೆ ಕೊಡಗಿನ ಮೂರ್ನಾಡಿನ ಹತ್ತಿರ. ಕಾಲೇಜಿನ ಲ್ಯಾಬಿನಲ್ಲಿ ಚಂದಾ ಕಟ್ಟಿ ಬಳಸುವ ದೊಡ್ಡ ತಂತ್ರಾಂಶವಿದೆ. ಅದು ಮನೆಯಲ್ಲೂ ಬೇಕೆಂದರೆ ತಿಂಗಳು ತಿಂಗಳು ಹಣ ಹೊಂದಿಸಬೇಕು. ನಮ್ಮದು ಎರಡೂವರೆ ಎಕರೆ ಕಾಫಿ ತೋಟ. ಕೊಯ್ಲು ಮುಗಿದು, ಒಣಗಿಸಿ, ಮಾರಿದ ಮೇಲೆ ವರ್ಷಕ್ಕೊಮ್ಮೆ ದುಡ್ಡು ಕೈಗೆ ಬರುತ್ತದೆ. ತಿಂಗಳ ಲೆಕ್ಕದ ಖರ್ಚು ಅಂಥ ಮನೆಗೆ ಹೊಂದುವುದಿಲ್ಲ. 2022ರ ಜುಲೈನಲ್ಲಿ, ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗೆ ಇಂಕ್‌ಸ್ಕೇಪ್ ಹಾಕಿಕೊಂಡೆ. ಆಗ 1.2ನೇ ಆವೃತ್ತಿ ಬಂದು ಎರಡು ತಿಂಗಳಾಗಿತ್ತು. ಒಂದೇ ಕಡತದಲ್ಲಿ ಹಲವು ಪುಟ ಇಡುವ ಅನುಕೂಲ ಬಂದದ್ದು ಅದರಲ್ಲೇ.

ಮೊದಲು ಮಳೆಯ ವಿಷಯ ಹೇಳಬೇಕು, ಏಕೆಂದರೆ ಬೇರೆ ಊರಿನವರ ವಿಮರ್ಶೆಗಳಲ್ಲಿ ಇದು ಸಿಗುವುದಿಲ್ಲ. ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವರ ಕಕ್ಕಡ ತಿಂಗಳಲ್ಲಿ ನಮ್ಮ ಕಡೆ ಮರ ಬಿದ್ದು ತಂತಿ ಹರಿದರೆ ಕರೆಂಟು ಮರಳಲು ಕೆಲವೊಮ್ಮೆ ಮೂರು ನಾಲ್ಕು ದಿನ ಬೇಕು. ಅದು ಹೋದ ಕೆಲವೇ ಗಂಟೆಗಳಲ್ಲಿ ಮೊಬೈಲ್ ಟವರೂ ಸುಮ್ಮನಾಗುತ್ತದೆ. ಇಂಕ್‌ಸ್ಕೇಪ್‌ಗೂ ಮುಂಚೆ, ಗೆಳತಿಯರಂತೆ ನಾನೂ ಅಂತರ್ಜಾಲದಲ್ಲೇ ತೆರೆದು ಕೆಲಸ ಮಾಡುವ, ಸಿದ್ಧ ಮಾದರಿಗಳಿರುವ ಒಂದು ಸೇವೆಯನ್ನು ನಂಬಿಕೊಂಡಿದ್ದೆ. ಒಂದು ಹೋಂಸ್ಟೇಯ ಫಲಕದ ಕೆಲಸ ಅರ್ಧಕ್ಕೆ ನಿಂತು, ಮೂರು ದಿನ ಖಾಲಿ ಪರದೆಯ ಮುಂದೆ ಕುಳಿತೆ. ಇಂಕ್‌ಸ್ಕೇಪ್‌ಗೆ ಜಾಲ ಬೇಡ, ಲಾಗಿನ್ ಬೇಡ, ಯಾರ ಅನುಮತಿಯೂ ಬೇಡ. ಪಕ್ಕದ ಮನೆಯವರು ಸಂಜೆ ಜನರೇಟರ್ ಓಡಿಸುವಾಗ ಚಾರ್ಜ್ ಮಾಡಿಕೊಂಡರೆ ರಾತ್ರಿ ಎರಡು ಗಂಟೆ ಕೆಲಸ ಸಾಗುತ್ತದೆ. ತಾನಾಗಿ ಉಳಿಸಿಕೊಳ್ಳುವ ಅವಧಿಯನ್ನು ಎರಡು ನಿಮಿಷಕ್ಕೆ ಇಳಿಸಿದ್ದೇನೆ. ಮೂರು ಮಳೆಗಾಲದಲ್ಲಿ ಒಂದೇ ಒಂದು ಚಿತ್ರವೂ ಕಳೆದುಹೋಗಿಲ್ಲ.

ನನ್ನ ಕೆಲಸ ಶುರುವಾಗುವುದು ಪರದೆಯ ಮೇಲಲ್ಲ. ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿ ತಿಂದು, ಬೆಲ್ಲದ ಕಾಫಿಯ ದೊಡ್ಡ ಲೋಟ ಹಿಡಿದು ಜಗಲಿಯಲ್ಲಿ ಕೂರುತ್ತೇನೆ. ಚೌಕಳಿ ಪುಸ್ತಕದಲ್ಲಿ ಒಂದೇ ಪದವನ್ನು ಪೆನ್ಸಿಲ್‌ನಿಂದ ಮೂವತ್ತು ನಲವತ್ತು ಸಲ ಬರೆಯುತ್ತೇನೆ. ಹತ್ತನೆಯ ಸಲದ ವರೆಗೆ ಅದು ಶಾಲೆಯಲ್ಲಿ ಕಲಿತ ಅಕ್ಷರ. ಇಪ್ಪತ್ತು ದಾಟಿದ ಮೇಲೆ ಕೈ ಸಡಿಲವಾಗುತ್ತದೆ, ಕೊಂಬು ಉದ್ದವಾಗುತ್ತದೆ, ತಲೆಕಟ್ಟು ವಾಲುತ್ತದೆ. ಅದರಲ್ಲಿ ಒಂದನ್ನು ಆರಿಸಿ ಮೊಬೈಲಿನಲ್ಲಿ ಫೋಟೋ ತೆಗೆದು ಇಂಕ್‌ಸ್ಕೇಪ್‌ಗೆ ತರುತ್ತೇನೆ. ಕೆಳಗಿನ ಪದರದಲ್ಲಿಟ್ಟು, ಮಸುಕುಗೊಳಿಸಿ, ಬೀಗ ಹಾಕುತ್ತೇನೆ. ಆಮೇಲೆ ಬಿ ಕೀಲಿ ಒತ್ತಿ, ಗೆರೆ ಎಳೆಯುವ ಪೆನ್ ಉಪಕರಣ ಹಿಡಿಯುವುದು. ಫೋಟೋದಿಂದ ತಾನಾಗಿ ಗೆರೆ ಎತ್ತುವ ಆಜ್ಞೆಯೂ ಇದೆ, ನಾನು ಬಳಸುವುದಿಲ್ಲ. ಅದು ಕಾಗದದ ಒರಟನ್ನೂ ಅಕ್ಷರದ ಭಾಗವೆಂದು ತಿಳಿದು ಗೆರೆಯನ್ನು ಹಿಡಿದಿಡುವ ಬಿಂದುಗಳನ್ನು ನೂರಾರು ಚೆಲ್ಲುತ್ತದೆ. ತಿರುವಿನ ತುತ್ತತುದಿಗೆ ಒಂದೊಂದೇ ಬಿಂದು ಇಟ್ಟು ಕೈಯಾರೆ ಎಳೆದರೆ ಇಡೀ ಅಕ್ಷರ ಇಪ್ಪತ್ತರೊಳಗೆ ಮುಗಿಯುತ್ತದೆ. ಬಿಂದು ಕಡಿಮೆಯಾದಷ್ಟೂ ತಿರುವು ನಯವಾಗುತ್ತದೆ. ಒಂದು ಬಿಂದುವಿನ ಹಿಡಿಯನ್ನು ಹಿಡಿದು ಎಳೆದಾಗ ಗುಡಿಸು ಉಬ್ಬುವುದನ್ನು ನೋಡುತ್ತ ಕೂತರೆ ನನ್ನ ಕಾಫಿ ಆರಿಹೋಗಿರುತ್ತದೆ.

ಇನ್ನು ತುಪ್ಪ. ಯುನಿಕೋಡ್‌ನಲ್ಲಿ ‘ಪ್ಪ’ ಎಂಬುದು ಒಂದು ಸಂಕೇತವಲ್ಲ. ಪ, ಅದರ ಅಕಾರವನ್ನು ಕಳೆಯುವ ವಿರಾಮ, ಮತ್ತೊಂದು ಪ, ಹೀಗೆ ಮೂರರ ಸಾಲು. ಆ ಸಾಲನ್ನು ಅರಿತು ಎರಡನೆಯ ಪವನ್ನು ಒತ್ತಾಗಿಸಿ ಕೆಳಗೆ ಕೂರಿಸುವುದು ತಂತ್ರಾಂಶದ ಹೊಣೆ. ಹೆಸರುವಾಸಿ ತಂತ್ರಾಂಶಗಳೂ ಸರಿಯಾದ ಸೆಟ್ಟಿಂಗ್ ಹುಡುಕಿ ಹಾಕುವ ತನಕ ಇದನ್ನು ‘ತುಪ್‌ಪ’ ಎಂದು ಬಿಡಿಸಿ ತೋರಿಸುವುದುಂಟು. ಇಂಕ್‌ಸ್ಕೇಪ್ ಈ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಆಶ್ರಯಿಸಿದೆ. ಮೊದಲ ದಿನವೇ ಪರೀಕ್ಷೆಗೆಂದು ನಮ್ಮ ಊರುಗಳ ಹೆಸರು ಬರೆದೆ: ಗೋಣಿಕೊಪ್ಪಲು, ಪೊನ್ನಂಪೇಟೆ, ನಾಪೋಕ್ಲು. ಆಮೇಲೆ ವಸ್ತ್ರ, ರಾಷ್ಟ್ರ. ಅರ್ಕಾವತ್ತಿನ ಪದಗಳೂ ತಪ್ಪಲಿಲ್ಲ. ಏನನ್ನೂ ಹುಡುಕದೆ, ಏನನ್ನೂ ಬದಲಿಸದೆ ನನ್ನ ಭಾಷೆ ಪರದೆಯ ಮೇಲೆ ನೆಟ್ಟಗೆ ನಿಂತದ್ದನ್ನು ಕಂಡು ಆದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಚಿಕ್ಕಪ್ಪ ಕಾಫಿ ತೋಟದಲ್ಲಿ ತುಡುವೆ ಜೇನು ಸಾಕುತ್ತಾರೆ. ಹೂಮಳೆ ಬಿದ್ದು ಇಡೀ ತೋಟ ಬೆಳ್ಳಗಾದಾಗ ಅವರ ಪೆಟ್ಟಿಗೆಗಳ ಹತ್ತಿರ ನಿಂತರೆ ಮಾತು ಕೇಳಿಸುವುದಿಲ್ಲ. ಅವರ ಬಾಟಲಿಗೆ ಒಂದು ಲಾಂಛನ, ಒಂದು ಲೇಬಲ್ ಮಾಡಿಕೊಡುವುದೆಂದು ಎರಡನೆಯ ವರ್ಷದಲ್ಲಿ ಒಪ್ಪಿಕೊಂಡೆ. ಜೇನುಹುಳ, ಆರು ಮೂಲೆಯ ಗೂಡು, ಮರದ ಸೌಟು ಎಲ್ಲವನ್ನೂ ಬಿಡಿಸಿ ನೋಡಿದೆ. ಅವೆಲ್ಲ ಅಂಗಡಿಯ ಪ್ರತಿ ಬಾಟಲಿಯ ಮೇಲೂ ಇವೆ. ಕೊನೆಗೆ ‘ಜೇನುತುಪ್ಪ’ ಎಂದು ‘ಬಲೂ ತಮ್ಮ’ ಫಾಂಟ್‌ನಲ್ಲಿ ಬರೆದು, ಅಕ್ಷರಗಳನ್ನು ಆಕೃತಿಗಳಾಗಿ ಪರಿವರ್ತಿಸಿ ಸುಮ್ಮನೆ ನೋಡುತ್ತ ಕುಳಿತೆ. ಮುಂಬೈಯ ಏಕ್ ಟೈಪ್‌ನವರು ಮಾಡಿದ ಆ ದುಂಡು ಫಾಂಟ್ ಮುಕ್ತ ಪರವಾನಗಿಯದು, ಲಾಂಛನಕ್ಕಾಗಿ ಅಕ್ಷರ ತಿದ್ದಿದರೆ ತಕರಾರಿಲ್ಲ. ಪ ಒತ್ತು ಎಂದರೆ ತಲೆಕಟ್ಟು ಕಳಚಿದ ಪುಟ್ಟ ಪ. ಅದರ ಅಡಿಯ ಒಂದು ಬಿಂದುವನ್ನು ಹಿಡಿದು ತುಸು ಕೆಳಕ್ಕೆ ಎಳೆದೆ. ಜೇನಿನ ಹನಿ ಅಲ್ಲೇ ಇತ್ತು. ಹೊರಗಿನಿಂದ ಯಾವ ಚಿತ್ರವನ್ನೂ ತಂದು ಅಂಟಿಸಬೇಕಾಗಲಿಲ್ಲ.

ಅಂದಿನಿಂದ ನಾನು ಲಾಂಛನದ ಕೆಲಸವನ್ನು ಕನ್ನಡದಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆಯ ಹೋಂಸ್ಟೇ, ಮಸಾಲೆ ಅಂಗಡಿಗಳ ಫಲಕ ನೋಡಿ: ಇಂಗ್ಲಿಷ್‌ನಲ್ಲಿ ಚಂದದ ಅಕ್ಷರ, ಕೆಳಗೆ ಕಂಪ್ಯೂಟರಿನಲ್ಲಿ ಮೊದಲು ಕಂಡ ಫಾಂಟ್‌ನಲ್ಲಿ ಹಿಂಡಿ ಕೂರಿಸಿದ ಕನ್ನಡ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ನಾಮಫಲಕದ ಶೇ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಅದಾದ ಮೇಲೆ ಎರಡು ಹೋಂಸ್ಟೇಯವರು ನನ್ನನ್ನು ಕರೆಸಿದರು. ಇಬ್ಬರೂ ಕೇಳಿದ್ದು, ಇರುವ ಇಂಗ್ಲಿಷ್ ಲೋಗೋವನ್ನು ಕನ್ನಡಕ್ಕೆ ಇಳಿಸಿಕೊಡು ಎಂದು. ಇಳಿಸಲು ಬರುವುದಿಲ್ಲ. ಇಂಗ್ಲಿಷ್ ಸಾಲಿಗೆ ಸಾಕಾಗುವ ಎತ್ತರದಲ್ಲಿ ಕನ್ನಡ ಕೂರಿಸಿದರೆ ಮೇಲೆ ಗುಡಿಸು ತಗಲುತ್ತದೆ, ಕೆಳಗೆ ಒತ್ತು ಕತ್ತರಿಸಿಹೋಗುತ್ತದೆ. ಎರಡು ಲಿಪಿಗಳ ಗೆರೆಯ ದಪ್ಪ ಕಣ್ಣಿಗೆ ಸಮವಾಗಿ ಕಾಣಬೇಕಾದರೆ ಅಳತೆಯಲ್ಲಿ ಸಮವಾಗಿರಬಾರದು. ದಪ್ಪ, ಅಗಲ ಎರಡನ್ನೂ ಬದಲಿಸಬಹುದಾದ ‘ಅನೇಕ್ ಕನ್ನಡ’ ಫಾಂಟ್ ಇಲ್ಲಿ ಬಹಳ ಸಹಾಯ ಮಾಡಿತು. ಅಕ್ಷರಗಳ ನಡುವಿನ ಅಂತರವನ್ನು ಆಲ್ಟ್ ಒತ್ತಿ ಬಾಣದ ಕೀಲಿಯಿಂದ ಕೂದಲೆಳೆಯಷ್ಟು ಸರಿಸುವ ಸೌಕರ್ಯವನ್ನಂತೂ ದಿನವೂ ಬಳಸುತ್ತೇನೆ.

ಇಲ್ಲಿಯ ವರೆಗೆ ಹೊಗಳಿದ್ದರಲ್ಲಿ ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಚಿಕ್ಕಪ್ಪನ ಲೇಬಲ್ ಅಚ್ಚಾಗಿ ಬಂದ ದಿನ ನಾನು ಅತ್ತಿದ್ದೇನೆ.

ಸಾವಿರ ಲೇಬಲ್. ದೊಡ್ಡ ಅಕ್ಷರ, ಹನಿ, ಹಳದಿ ಎಲ್ಲವೂ ಸರಿಯಾಗಿದ್ದವು. ಹಿಂಬದಿಯ ಸಣ್ಣ ಅಕ್ಷರಗಳು, ಎಂದರೆ ವಿಳಾಸ, ತೂಕ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ, ಮಸಿ ಹರಡಿದಂತೆ ಕಾಣುತ್ತಿದ್ದವು. ಭೂತಗನ್ನಡಿ ಹಿಡಿದು ನೋಡಿದರೆ ಕಪ್ಪಿನ ಸುತ್ತ ಒಂದು ಕಡೆ ನೀಲಿ ಅಂಚು, ಇನ್ನೊಂದು ಕಡೆ ಗುಲಾಬಿ ಅಂಚು. ಒತ್ತಕ್ಷರಗಳ ಒಳಗಿನ ಬಿಳಿ ಮುಚ್ಚಿಹೋಗಿತ್ತು. ಚಿಕ್ಕಪ್ಪ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಹನಿ ಬಹಳ ಚೆನ್ನಾಗಿದೆ ಮಗಳೇ, ಆದರೆ ಇದನ್ನು ಓದಲು ಆಗುವುದಿಲ್ಲವಲ್ಲ” ಎಂದರು. ಅವರು ಗದರಿಸಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಕಾರಣ ತಿಳಿಯಲು ಒಂದು ವಾರ ಬೇಕಾಯಿತು. ಇಂಕ್‌ಸ್ಕೇಪ್ ಬಣ್ಣವನ್ನು ಪರದೆಯ ಲೆಕ್ಕದಲ್ಲಿ ಹಿಡಿಯುತ್ತದೆ: ಕೆಂಪು, ಹಸಿರು, ನೀಲಿ ಬೆಳಕುಗಳ ಬೆರಕೆ. ಆಫ್‌ಸೆಟ್ ಯಂತ್ರ ನಾಲ್ಕು ಶಾಯಿಗಳಲ್ಲಿ ಮುದ್ರಿಸುತ್ತದೆ: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಪರದೆಯ ಕಪ್ಪನ್ನು ಶಾಯಿಗೆ ಬದಲಿಸುವಾಗ ಅದು ನಾಲ್ಕೂ ಶಾಯಿಗಳ ಮಿಶ್ರಣವಾಗಿಬಿಡುತ್ತದೆ. ನಾಲ್ಕು ಅಚ್ಚುಗಳು ಒಂದರ ಮೇಲೊಂದು ಕೂರುವಾಗ ಕೂದಲೆಳೆಯಷ್ಟು ಜಾರಿದರೂ ಸಣ್ಣ ಅಕ್ಷರ ಕಲಸಿಹೋಗುತ್ತದೆ. ಸಣ್ಣ ಅಕ್ಷರಕ್ಕೆ ಕಪ್ಪು ಶಾಯಿ ಒಂದೇ ಇರಬೇಕು. ನಾನು ಇದನ್ನು ಓದಿಕೊಂಡಿದ್ದೆ. ಬಣ್ಣದ ಫಲಕದಲ್ಲಿ ಸಿಎಂವೈಕೆ ಎಂಬ, ಈ ನಾಲ್ಕು ಶಾಯಿಗಳ ಪ್ರಮಾಣ ತುಂಬುವ ವಿಭಾಗವೂ ಇತ್ತು. ಅಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ನೂರು ಎಂದು ತುಂಬಿ ನಿಶ್ಚಿಂತಳಾಗಿದ್ದೆ. ಪಿಡಿಎಫ್ ಆಗಿ ಹೊರಬರುವಾಗ ಅದು ಮತ್ತೆ ಪರದೆಯ ಕಪ್ಪೇ ಆಗಿತ್ತು. ನಾನು ಈಗ ಬಳಸುವ 1.4ನೇ ಆವೃತ್ತಿಯಲ್ಲೂ ಪಿಡಿಎಫ್ ಹೀಗೆಯೇ ಬರುತ್ತದೆ. ಶಾಯಿಯ ವರೆಗೆ ತಲುಪದ ಅಂಕಿಗಳನ್ನು ತುಂಬಿಸಿಕೊಳ್ಳುವ ಆ ವಿಭಾಗವನ್ನು ಅಲ್ಲಿ ಇಡಬಾರದಿತ್ತು. ಇಟ್ಟರೆ ಒಂದು ಸಾಲಿನ ಎಚ್ಚರಿಕೆಯಾದರೂ ಬೇಕಿತ್ತು. ಈ ಮಾತನ್ನು ನಾನು ಮೆದುವಾಗಿ ಹೇಳಲಾರೆ.

ಕಪ್ಪು ಮಾತ್ರವಲ್ಲ. ಕಕ್ಕಡ ಹದಿನೆಂಟರಂದು ಮಾಡುವ ಮದ್ದು ಪಾಯಸದ ಬಗ್ಗೆ ಕಾಲೇಜಿಗೊಂದು ಪ್ರಚಾರಪತ್ರ ಮಾಡಿದ್ದೆ. ಮದ್ದುಸೊಪ್ಪಿನ ರಸದ ನೇರಳೆಯನ್ನು ಪರದೆಯ ಮೇಲೆ ಹದ ಮಾಡಲು ಒಂದು ಸಂಜೆ ಪೂರ್ತಿ ಕಳೆದಿದ್ದೆ. ಕಾಗದದ ಮೇಲೆ ಅದು ಬೂದಿ ಕಲಸಿದಂತೆ ಬಂತು. ಕಿತ್ತಳೆಯ ಹೊಳಪೂ, ಎಳೆ ಭತ್ತದ ಹಸಿರೂ ಹೀಗೆಯೇ ಮಂಕಾಗುತ್ತವೆ. ಅಷ್ಟು ಹೊಳಪು ನಾಲ್ಕು ಶಾಯಿಗಳಿಗೆ ಸಾಧ್ಯವೇ ಇಲ್ಲ, ಇದು ಯಾವ ತಂತ್ರಾಂಶದ ತಪ್ಪೂ ಅಲ್ಲ. ಆದರೆ ಹಾಗಾಗಲಿದೆ ಎಂಬುದು ಮೊದಲೇ ಕಾಣಬೇಕಲ್ಲ.

ಬಿಟ್ಟುಬಿಡಬೇಕು ಎಂದುಕೊಂಡೆ. ಲ್ಯಾಬಿನ ತಂತ್ರಾಂಶದಲ್ಲಿ ಇದೇ ಲೇಬಲ್ಲನ್ನು ಮತ್ತೆ ಮಾಡಲು ಕುಳಿತಾಗ ಕೈ ಅಲ್ಲಿ ಒಗ್ಗಲಿಲ್ಲ. ಆಗ ಸೀನಿಯರ್ ಅಕ್ಕ ಒಬ್ಬರು ‘ಸ್ಕ್ರೈಬಸ್’ ತೋರಿಸಿಕೊಟ್ಟರು. ಅದೂ ಉಚಿತ, ಪುಟ ವಿನ್ಯಾಸಕ್ಕೆಂದೇ ಇರುವುದು. ಈಗ ನನ್ನ ಕ್ರಮ ಹೀಗಿದೆ. ಇಂಕ್‌ಸ್ಕೇಪ್‌ನಲ್ಲಿ ಚಿತ್ರ ಮುಗಿಸಿ ಎರಡು ಪ್ರತಿ ಇಡುತ್ತೇನೆ. ಒಂದರಲ್ಲಿ ಅಕ್ಷರ ಅಕ್ಷರವಾಗಿಯೇ ಇರುತ್ತದೆ, ಇನ್ನೊಂದರಲ್ಲಿ ಎಲ್ಲವೂ ಆಕೃತಿ. ಎರಡನೆಯದನ್ನು ಸ್ಕ್ರೈಬಸ್‌ಗೆ ತಂದರೆ ಅದರ ಬಣ್ಣಗಳೆಲ್ಲ ಪಟ್ಟಿಯಲ್ಲಿ ಬಂದು ಕೂರುತ್ತವೆ. ಒಂದೊಂದನ್ನೂ ತೆರೆದು ಸಿಎಂವೈಕೆಗೆ ಬದಲಿಸಿ, ಕಪ್ಪಿಗೆ ಕಪ್ಪು ಶಾಯಿಯೊಂದನ್ನೇ ಕೊಟ್ಟು ಪಿಡಿಎಫ್ ತೆಗೆಯುತ್ತೇನೆ. ಐದಾರು ಬಣ್ಣದ ಕೆಲಸಕ್ಕೆ ಕಾಲು ಗಂಟೆ ಹೆಚ್ಚು. ಎಲ್ಲವೂ ಆಕೃತಿಯಾಗಿರುವುದರಿಂದ ಇನ್ನೊಂದು ತೊಂದರೆಯೂ ತಪ್ಪಿತು. ಯುನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲೇ ಕೆಲಸ ಮಾಡುವ ಮುದ್ರಣಾಲಯಕ್ಕೆ ಕೊಟ್ಟರೂ ಒತ್ತು ಚದುರುವುದಿಲ್ಲ.

ಮುದ್ರಣಾಲಯದವರನ್ನು ಕೇಳಿ, ಅವರದೇ ಕಾಗದದ ಮೇಲೆ ನಲವತ್ತು ಬಣ್ಣಗಳ ಒಂದು ಹಾಳೆ ಮಾಡಿಸಿಕೊಂಡೆ. ಪ್ರತಿ ಚೌಕದ ಕೆಳಗೆ ಅದರ ನಾಲ್ಕು ಅಂಕಿಗಳಿವೆ. ಅದು ನನ್ನ ಮೇಜಿನ ಮುಂದಿನ ಗೋಡೆಯಲ್ಲಿದೆ. ಬಣ್ಣ ಆರಿಸುವುದು ಈಗ ಪರದೆಯಿಂದಲ್ಲ, ಆ ಹಾಳೆಯಿಂದ. ಮೋಡ ಕವಿದ ಮಧ್ಯಾಹ್ನ ಕಿಟಕಿಯ ಹತ್ತಿರ ಅದನ್ನು ಹಿಡಿದು, ಮಾಗಿದ ಕಾಫಿ ಹಣ್ಣನ್ನು ಪಕ್ಕದಲ್ಲಿಟ್ಟು ಕೆಂಪನ್ನು ಹುಡುಕುವುದು ನನಗೆ ಅತ್ಯಂತ ಇಷ್ಟದ ಕೆಲಸವಾಗಿದೆ.

ಉಳಿದ ಕೊರತೆಗಳು ಸಣ್ಣವು. ಮಸುಕು ನೆರಳುಗಳನ್ನು ಹೆಚ್ಚು ಬಳಸಿದರೆ ನನ್ನ ಹಳೆಯ ಲ್ಯಾಪ್‌ಟಾಪ್ ತೆವಳುತ್ತದೆ. ಫಾಂಟ್‌ಗಳ ಪಟ್ಟಿ ಉದ್ದವಾದಷ್ಟೂ ತೆರೆಯುವುದು ನಿಧಾನ.

ಬರೀ ಮೊಬೈಲ್ ಪರದೆಗೆ ಪ್ರಚಾರಚಿತ್ರ ಮಾಡುವವರು ಯೋಚಿಸದೆ ಹಾಕಿಕೊಳ್ಳಿ, ಈ ಬಣ್ಣದ ತೊಡಕು ನಿಮಗೆ ತಟ್ಟುವುದೇ ಇಲ್ಲ. ವಾರಕ್ಕೆ ನಾಲ್ಕು ಮುದ್ರಣದ ಕೆಲಸ ಬರುವವರಾದರೆ ಚಂದಾ ಕಟ್ಟುವುದೇ ಲೇಸು, ಕಾಲು ಗಂಟೆಗಳು ಕೂಡುತ್ತ ಹೋಗುತ್ತವೆ. ನನಗೆ ತಿಂಗಳಿಗೆ ಒಂದೋ ಎರಡೋ ಬರುತ್ತವೆ. ಹಾಳಾದ ಸಾವಿರ ಲೇಬಲ್‌ನ ಹಣವನ್ನು ನಾನೇ ಕೊಟ್ಟೆ. ಚಿಕ್ಕಪ್ಪ ಬೇಡವೆಂದರು, ಆದರೂ ಕೊಟ್ಟೆ. ಹೊಸ ಲೇಬಲ್ ಮೊನ್ನೆ ಬಂತು. ಅವರು ಕನ್ನಡಕ ಹುಡುಕದೆ 14 ಅಂಕಿಗಳನ್ನೂ ಗಟ್ಟಿಯಾಗಿ ಓದಿದರು.

ಈ ವಾರ ಚೌಕಳಿ ಪುಸ್ತಕದಲ್ಲಿ ‘ಗೋಣಿಕೊಪ್ಪಲು’ ಇದೆ, ಅಲ್ಲಿನ ಒಂದು ಕಾಫಿಪುಡಿ ಅಂಗಡಿಗಾಗಿ. ಇಪ್ಪತ್ತೆರಡು ಸಲ ಬರೆದಿದ್ದೇನೆ. ಮತ್ತೆ ಅದೇ ಪ ಒತ್ತು. ಈ ಬಾರಿ ಅದರೊಳಗೆ ಏನಿದೆ ಎಂದು ಇನ್ನೂ ಕಂಡಿಲ್ಲ.