ಕಾಮ್ರೇಡ್ಸ್ ಮ್ಯಾರಥಾನ್: ನಡೆದು ಬಂದರೂ ಮೆಡಲ್, ತಡವಾದರೆ ಇಲ್ಲ

ಓಟದ ಮಧ್ಯೆ ನಡೆದವರು ರನ್ನರ್ ಹೌದೋ ಅಲ್ಲವೋ ಎಂಬ ಜಗಳ ಕಬ್ಬನ್ ಪಾರ್ಕಿನಲ್ಲಿ ಭಾನುವಾರದ ಕಾಫಿ ಜೊತೆಗೆ ಚೆನ್ನಾಗಿರುತ್ತದೆ. ದಕ್ಷಿಣ ಆಫ್ರಿಕಾದ ಡರ್ಬನ್–ಪೀಟರ್‌ಮಾರಿಟ್ಸ್‌ಬರ್ಗ್ ನಡುವಿನ ಈ ರೇಸಿನಲ್ಲಿ ಅದಕ್ಕೆ ಬೆಲೆಯಿಲ್ಲ. ಹತ್ತಿರ ಹತ್ತಿರ 90 ಕಿ.ಮೀ., 12 ಗಂಟೆ. ಹೇಗೆ ಬಂದಿರಿ ಅಂತ ಕೇಳುವವರಿಲ್ಲ.

ಡರ್ಬನ್‌ನಿಂದ ಏರುತ್ತಾ ಹೋಗುವ ಅಪ್ ರನ್ 87 ಕಿ.ಮೀ. ಎಂದಿಟ್ಟುಕೊಳ್ಳಿ. ಕಿ.ಮೀ.ಗೆ 8 ನಿಮಿಷ 16 ಸೆಕೆಂಡ್ ಸಿಗುತ್ತದೆ. ಧಾರಾಳ ಅನ್ನಿಸುತ್ತದೆ, ಅಲ್ಲೇ ಮೋಸ ಹೋಗುವುದು. ಗಡಿಯಾರ ಗನ್ ಹೊಡೆದಾಗಿನಿಂದಲೇ ಓಡುತ್ತದೆ. ಹಿಂದಿನ ಸಾಲಿನವರಿಗೆ ಸ್ಟಾರ್ಟ್ ಲೈನ್ ಮುಟ್ಟುವಷ್ಟರಲ್ಲೇ ಒಂದಷ್ಟು ನಿಮಿಷ ಖರ್ಚು. ಕಿ.ಮೀ.ಗೆ 7 ನಿಮಿಷದ ಪೇಸಿನಲ್ಲಿ 5 ನಿಮಿಷ ಓಡಿ, 11ರ ಪೇಸಿನಲ್ಲಿ 1 ನಿಮಿಷ ನಡೆದರೆ ಸರಾಸರಿ 7:27 ಬೀಳುತ್ತದೆ. ಒಟ್ಟು 10 ಗಂಟೆ 48 ನಿಮಿಷ. ಉಳಿದ 72 ನಿಮಿಷದಲ್ಲೇ ನೀರು, ಶೌಚ ಮತ್ತು ಐದು ದೊಡ್ಡ ಗುಡ್ಡ. ಕೊನೆಯದಾದ ಪಾಲಿ ಶಾರ್ಟ್ಸ್ ಬರುವುದು ಇನ್ನು ಹತ್ತು ಕಿ.ಮೀ. ಕೂಡ ಉಳಿದಿಲ್ಲ ಅನ್ನುವಾಗ. ಹಿಂದಿನ ಸಾಲುಗಳಲ್ಲಿ ಅದನ್ನು ಓಡಿ ಹತ್ತುವವರು ಅಪರೂಪ.

ಇಲ್ಲಿ ಹತ್ತಬೇಕಾದ ಬಸ್ಸೂ ಇದೆ, ಹತ್ತಬಾರದ ಬಸ್ಸೂ ಇದೆ. ಬಾವುಟ ಹೊತ್ತು ಒಂದೇ ವೇಗದಲ್ಲಿ ಮುನ್ನಡೆಸುವ ಪೇಸರ್ ಹಿಂದಿನ ಗುಂಪಿಗೂ 'ಬಸ್' ಎಂದೇ ಹೆಸರು. ಎಲ್ಲಿ ನಡೆಯಬೇಕು ಅಂತ ಅವರೇ ಕೂಗಿ ಹೇಳುತ್ತಾರೆ. ಇನ್ನೊಂದು, ದಾರಿಯ ಕಟ್‌ಆಫ್, ಅಂದರೆ ಸಮಯದ ಗಡಿ, ತಪ್ಪಿದವರನ್ನು ತುಂಬಿಕೊಂಡು ಹೋಗುವ ನಿಜವಾದ ಬಸ್.

ಎದುರು ದಿಕ್ಕಿನ ಡೌನ್ ರನ್ ಸುಲಭ ಅಂದುಕೊಂಡು ಬರಬೇಡಿ. ಫೀಲ್ಡ್ಸ್ ಹಿಲ್‌ನ ಸುಮಾರು 3 ಕಿ.ಮೀ. ಇಳಿಜಾರು ತೊಡೆಗಳನ್ನು ಮುಗಿಸಿಬಿಡುತ್ತದೆ, ಆಮೇಲೂ 20 ಕಿ.ಮೀ. ಆಸುಪಾಸು ಬಾಕಿ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಅದಕ್ಕೇ ಆ ನೋವು. ನಂದಿಬೆಟ್ಟವನ್ನು ಓಡಿ ಹತ್ತಿ ಕಾರಿನಲ್ಲಿ ಇಳಿಯುವವರು ಅದನ್ನು ತಿರುವುಮುರುವು ಮಾಡಿ.

ನೀರು ಕೊಡುವುದು ಪ್ಲಾಸ್ಟಿಕ್ ಸ್ಯಾಶೆಯಲ್ಲಿ. ಮೂಲೆ ಕಚ್ಚಿ ಹಿಂಡಿಕೊಳ್ಳಬೇಕು. ಕುಡಿಯುತ್ತಾ ಓಡಲು ಲೋಟಕ್ಕಿಂತ ಮೇಲು, ಆದರೆ ಎಸೆದವು ಕಾಲಡಿ ಜಾರುತ್ತವೆ. ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ ಸಿಕ್ಕರೆ ಬಿಡಬೇಡಿ.

ಮೆಡಲ್ ನಾಣ್ಯದಷ್ಟೇ, ನಮ್ಮ 10ಕೆ ಮೆಡಲ್‌ಗಳ ಎದುರು ಬಡಪಾಯಿ. ಹೆಸರುಗಳು ಮಾತ್ರ ದೊಡ್ಡವು. 1921ರ ಮೊದಲ ರೇಸನ್ನು 8 ಗಂಟೆ 59 ನಿಮಿಷದಲ್ಲಿ ಗೆದ್ದವರು ಬಿಲ್ ರೋವನ್. ಏಳೂವರೆಯಿಂದ 9 ಗಂಟೆಯೊಳಗಿನ ಮೆಡಲ್ ಅವರ ಹೆಸರಲ್ಲಿದೆ. 9ರಿಂದ 10ರದ್ದು ರಾಬರ್ಟ್ ಮ್ತ್ಶಾಲಿ ಹೆಸರಲ್ಲಿ. 1935ರಲ್ಲಿ ಓಡಿ ಮುಗಿಸಿದರೂ ಕಪ್ಪು ವರ್ಣೀಯ ಎಂಬ ಕಾರಣಕ್ಕೆ ಅವರ ಓಟ ಅಧಿಕೃತವಾಗಲಿಲ್ಲ. 1923ರಲ್ಲಿ ಫ್ರಾನ್ಸಿಸ್ ಹೇವರ್ಡ್ 11 ಗಂಟೆ 35 ನಿಮಿಷದಲ್ಲಿ ಮುಗಿಸಿದರು. ಹೆಂಗಸೆಂದು ಎಂಟ್ರಿಯೇ ಕೊಟ್ಟಿರಲಿಲ್ಲ. ಇಬ್ಬರಂಥವರಿಗೂ ಬಾಗಿಲು ತೆರೆದದ್ದು 1975ರಲ್ಲಿ. ಕೊನೆಯ ಗಂಟೆಯಲ್ಲಿ ಬಂದವರಿಗೆ ರೇಸ್ ಹುಟ್ಟುಹಾಕಿದ ವಿಕ್ ಕ್ಲಾಫಮ್ ಹೆಸರಿನದೇ ಮೆಡಲ್. ಕೊನೆಯವರ ಪದಕಕ್ಕೆ ಈ ಹೆಸರು ಇಟ್ಟದ್ದು ಬಲು ಸರಿ.

12 ಗಂಟೆ ಮುಗಿದಾಗ ಗನ್ ಹೊಡೆಯುವವರು ಓಟಗಾರರಿಗೆ ಬೆನ್ನು ತಿರುಗಿಸಿ ನಿಂತಿರುತ್ತಾರೆ. ಮುಖ ಕಂಡರೆ ಬೆರಳು ತಡೆದೀತು ಅಂತ. ಒಂದು ಹೆಜ್ಜೆ ಹಿಂದಿದ್ದವರಿಗೂ ಮೆಡಲ್ ಇಲ್ಲ.