ಮೂರು ಡ್ರೂಯಿಡ್ ಖಳರು: ಕರಡಿ, ಬೂಸ್ಟು, ಬನವ್ವ

ಬಾಗಲಕೋಟೆಯ ನವನಗರದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಐವರು ಕೂಡುತ್ತೇವೆ. ನಾಲ್ವರು ಆಡುವವರು, ಆಟ ನಡೆಸುವ ಡಿಎಂ ನಾನು. ಆಡುವುದು ಡಂಜನ್ಸ್ ಅಂಡ್ ಡ್ರಾಗನ್ಸ್, ದಾಳ ಉರುಳಿಸುತ್ತ ಕೂಡಿ ಕಥೆ ಕಟ್ಟುವ ಆಟ; ಐದನೇ ಆವೃತ್ತಿ, 2014ರ ನಿಯಮಗಳು. ಒಂದೂವರೆ ವರ್ಷದಲ್ಲಿ ಮೂರು ಕಥೆಗಳಿಗೆ ಮೂರು ಡ್ರೂಯಿಡ್ ಖಳರನ್ನು, ಅಂದರೆ ಗಿಡಮರ, ಪ್ರಾಣಿಗಳ ಮಂತ್ರ ಬಲ್ಲ ಖಳರನ್ನು, ಕಟ್ಟಿದೆ. ಮೂರೂ ಸಲ ಅದೇ ನಾಲ್ವರು, ಪಾತ್ರಗಳೂ ಹೆಚ್ಚುಕಡಿಮೆ ಐದನೇ ಲೆವೆಲ್ಲಿನವೇ (ಲೆವೆಲ್ ಏರಿದಷ್ಟೂ ಪಾತ್ರದ ಶಕ್ತಿ ಹೆಚ್ಚು). ಹಾಗಾಗಿ ಒಂದರ ಪಕ್ಕ ಒಂದಿಟ್ಟು ತೂಗಿ ನೋಡಲು ಬರುತ್ತದೆ.

ಮೊದಲನೆಯವನು ಡ್ರೂಯಿಡ್ ಪಂಗಡಗಳಲ್ಲಿ ಒಂದಾದ ಸರ್ಕಲ್ ಆಫ್ ದ ಮೂನ್‌ನವನು, ಪ್ರಾಣಿಯಾಗಿ ಬದಲಾಗುವುದರಲ್ಲಿ ನುರಿತವನು. ಕುರಿಹಟ್ಟಿಗಳನ್ನು ಒಂದೊಂದಾಗಿ ಬರಿದು ಮಾಡುತ್ತ ಬರುವ ಬೇಟೆಗಾರ. ಹೊಡೆದಾಟದ ಮಟ್ಟಿಗೆ ಇವನನ್ನು ಮೀರಿಸುವವರಿಲ್ಲ. ಉಳಿದ ಡ್ರೂಯಿಡ್‌ಗಳು ರೂಪ ಬದಲಿಸಲು ತಮ್ಮ ಸರದಿಯ ಮುಖ್ಯ ಕೆಲಸವನ್ನೇ (ಆ್ಯಕ್ಷನ್) ಕಳೆದುಕೊಂಡರೆ ಇವನಿಗೆ ಅದರ ಜೊತೆಗಿನ ಚಿಕ್ಕ ಕೆಲಸ (ಬೋನಸ್ ಆ್ಯಕ್ಷನ್) ಸಾಕು. ಕಂದು ಕರಡಿಯಾದರೆ 34 ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಬಲ, ಮೇಲಿಂದ ಸಿಗುತ್ತದೆ. ಅದು ಮುಗಿದರೆ ಮನುಷ್ಯ ರೂಪಕ್ಕೆ ಬರುತ್ತಾನೆ, ಮತ್ತೆ ಇನ್ನೊಂದು ಸಲ ಕರಡಿ. ಕರಡಿಯಾಗಿದ್ದಾಗ ಹೊಸ ಸ್ಪೆಲ್ (ಮಂತ್ರ) ಹಾಕಲು ಬರುವುದಿಲ್ಲ, ಆದರೆ ಮೊದಲೇ ಹಾಕಿದ್ದನ್ನು ಹಿಡಿದಿಡುವ ಕಾನ್ಸಂಟ್ರೇಷನ್ ಕೆಡುವುದಿಲ್ಲ. ಇವನ ಜೀವ ಇರುವುದು ಅಲ್ಲೇ. ಮೊದಲು ನೆಲದಲ್ಲಿ ಮುಳ್ಳೆಬ್ಬಿಸುವ ಸ್ಪೈಕ್ ಗ್ರೋತ್ ಹಾಸಿ ಅದರಾಚೆ ಕರಡಿಯಾಗಿ ನಿಲ್ಲಿಸಿದೆ. ಮುಳ್ಳು ಮಣ್ಣಿನೊಳಗೆ ಮರೆಯಾಗಿರುತ್ತದೆ, ಪ್ರತಿ ಐದು ಅಡಿಗೆ ನಾಲ್ಕು ಮುಖದ ಎರಡು ದಾಳದ ಪೆಟ್ಟು. ನಮ್ಮ ಫೈಟರ್ (ಕತ್ತಿ ಹಿಡಿದ ಯೋಧನ ಪಾತ್ರ) ನೋಡದೆ ನುಗ್ಗಿ ಇಪ್ಪತ್ತು ಅಡಿ ದಾಟುವಷ್ಟರಲ್ಲಿ ಎಂಟು ದಾಳ ಉರುಳಿದ್ದವು. ಕೋಣೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು.

ಒಂದೇ ಕೂತು ಆಡಿ ಮುಗಿಸುವುದಾದರೆ ಇವನೇ ಸೈ. ಆದರೆ ಕರಡಿಗೆ ಮಾತಿಲ್ಲ. ಒಂದು ತಿಂಗಳಾದ ಮೇಲೆ ಅವನ ಹೆಸರು ಕೇಳಿದೆ, ನಾಲ್ವರಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

ಎರಡನೆಯವನು ಸರ್ಕಲ್ ಆಫ್ ಸ್ಪೋರ್ಸ್, ಅಣಬೆ–ಬೂಸ್ಟಿನ ಡ್ರೂಯಿಡ್. ಹತ್ತು ಅಡಿಯೊಳಗೆ ಮನುಷ್ಯನೋ ಸಣ್ಣ, ಮಧ್ಯಮ ಗಾತ್ರದ ಪ್ರಾಣಿಯೋ ಸತ್ತರೆ ಆ ಹೆಣವನ್ನು ಒಂದು ಹಿಟ್ ಪಾಯಿಂಟಿನ ಜೋಂಬಿಯಾಗಿ ಆ ಕ್ಷಣವೇ ಎಬ್ಬಿಸುತ್ತಾನೆ. ಸತ್ತ ಕಾವಲು ನಾಯಿ ಬಾಲ ಅಲ್ಲಾಡಿಸದೆ ಎದ್ದು ನಿಂತದ್ದನ್ನು ಹೇಳಿದಾಗ ಒಬ್ಬಾಕೆ ಮುಖ ತಿರುಗಿಸಿದಳು. ಮೊದಲ ದಿನದ ಆ ಭಯಕ್ಕೆ ನೂರಕ್ಕೆ ನೂರು. ಮೂರನೇ ವಾರಕ್ಕೆ ಎಲ್ಲರಿಗೂ ಲೆಕ್ಕ ಸಿಕ್ಕಿತ್ತು: ಹನ್ನೊಂದನೇ ಅಡಿಯಲ್ಲಿ ಕೊಂದರೆ ಸಾಕು. ಅವನಿಗೆ ನಾನು ಕೊಟ್ಟ ಕಾರಣ ‘ಎಲ್ಲವೂ ಕೊಳೆಯಬೇಕು’ ಎಂಬ ತತ್ವ. ತತ್ವಕ್ಕಾಗಿ ಕೊಲ್ಲುವವನ ಜೊತೆ ವಾದಕ್ಕೆ ಕೂರಲು ಯಾರಿಗೂ ಮನಸ್ಸಾಗಲಿಲ್ಲ.

ಇಬ್ಬರಲ್ಲೂ ಒಂದು ಕೊರತೆ ಕಂಡಿತು. ಡ್ರೂಯಿಡ್ ಅಂದರೆ ಗಾಲ್, ಬ್ರಿಟನ್ ಕಡೆಯ ಕೆಲ್ಟ್ ಜನರ ಪುರೋಹಿತರು, ಓಕ್ ಮರಗಳ ತೋಪಿನಲ್ಲಿ ಪೂಜೆ ಮಾಡುತ್ತಿದ್ದವರು ಅಂತ ಹೇಳಿದ್ದೆ. ಅದು ನಮ್ಮವರ ಕಣ್ಣಿಗೆ ಕಟ್ಟಲಿಲ್ಲ. ಬಾಗಲಕೋಟೆಯ ಸುತ್ತ ದಟ್ಟ ಕಾಡೆಲ್ಲಿದೆ? ಬಾದಾಮಿ ಹತ್ತಿರದ ಬನಶಂಕರಿಯ ಹೆಸರಿನಲ್ಲಿ ಬನ ಉಳಿದಿದೆ. ಮಿಕ್ಕಂತೆ ನಾವು ಎರಿಹೊಲ ಮತ್ತು ಹೊಳೆಯ ಜನ. ಅದಕ್ಕೇ ಮೂರನೇ ಸಲ ಕಾಡು ಬಿಟ್ಟು ಹೊಳೆದಂಡೆ ಹಿಡಿದೆ, ಬನಶಂಕರಿಯಿಂದ ಹೆಸರು ಪಡೆದೆ: ಬನವ್ವ.

ಅವಳ ಕಥೆ ಇಷ್ಟು. ದೊರೆ ಹೊಳೆಗೆ ಒಡ್ಡು ಕಟ್ಟಿಸಿದ್ದಾನೆ, ಕಣಿವೆ ಮುಳುಗಲಿದೆ, ಜನರನ್ನು ಗುಡ್ಡದ ಮೇಲಿನ ಹೊಸ ಊರಿಗೆ ಸಾಗಿಸಿದ್ದಾರೆ. ಎಲ್ಲರೂ ಕೆಳಗೆ ವಾಪಸ್ ಬಂದರೆ ದೊರೆ ಒಡ್ಡಿನ ಬಾಗಿಲು ಹಾಕಲಾರ ಎಂದು ಬನವ್ವ ನಂಬಿದ್ದಾಳೆ. ಅದಕ್ಕೆ ಹೊಸ ಊರಲ್ಲಿ ಬದುಕಲು ಆಗದಂತೆ ಮಾಡುತ್ತಾಳೆ. ಬಾವಿಗಳಲ್ಲಿ ಸವಳು ನೀರು, ಗೋಡೆ ಸೀಳಿ ಬರುವ ಬೇರು, ರಾತ್ರಿಯಿಡೀ ಇಲಿಗಳ ಹಿಂಡು. ಅವಳು ಹಿಂಸಿಸುವುದು ತನ್ನ ಜನರನ್ನೇ.

ನಾವು ಕೂತ ಊರೇ ಮುಳುಗಡೆಯವರಿಗಾಗಿ ಕಟ್ಟಿದ ಊರು. ಆಲಮಟ್ಟಿಯಲ್ಲಿ 519.60 ಮೀಟರ್ ತನಕ ನೀರು ನಿಲ್ಲಿಸಿದರೆ ಹಿನ್ನೀರು ಘಟಪ್ರಭೆಯಗುಂಟ ಹಳೆ ಬಾಗಲಕೋಟೆ ಮುಟ್ಟುತ್ತದೆ. ನಮ್ಮ ಮಾಳಿಗೆ ಕೋಣೆಯ ಬಾಗಿಲು ಹಳೆ ಮನೆಯಿಂದ ಕಿತ್ತು ತಂದದ್ದು, ಸಾಗವಾನಿ, ಅಗಳಿ ಹಾಕಿದರೆ ಇಡೀ ಮನೆಗೆ ಕೇಳುತ್ತದೆ. ಚೌಕಟ್ಟು ಹೊಸದು, ಆದ್ದರಿಂದ ಕೆಳಗೆ ಎರಡು ಬೆರಳು ಸಂದು. ಬನವ್ವ ಮೊದಲ ಸಲ ಎದುರು ಬಂದಾಗ ಆ ಸಂದು ನೋಡುತ್ತಲೇ ನನ್ನ ಬಾಯಲ್ಲಿ ಅವಳ ಮಾತು ಬಂತು: “ಬಾಗಲಾ ಹೊತ್ಕೊಂಡ್ ಬಂದ್ರಿ. ಹೊಸ್ತಿಲಾ ಯಾರ ಮ್ಯಾಲ ಬಿಟ್ಟು ಬಂದ್ರಿ?”

ಯಾರೂ ದಾಳ ಮುಟ್ಟಲಿಲ್ಲ. ಚಹಾ ತಂದಿದ್ದ ನಮ್ಮ ಅಜ್ಜಿ ತಟ್ಟೆ ಹಿಡಿದು ಅಲ್ಲೇ ನಿಂತರು. “ಆಕಿ ಹೇಳೂದ್ರಾಗ ತಪ್ಪೇನೈತಿ?” ಅಂದರು.

ಈ ಬಗೆಯ ಖಳಳಲ್ಲಿ ಅಪಾಯವೂ ಅದೇ. ಒಬ್ಬ ಆಟಗಾರ ಅವಳ ಕಡೆ ಸೇರುತ್ತೇನೆ ಅಂದ. ಎರಡು ವಾರ ಕತ್ತಿ ಹೊರಗೇ ಬರಲಿಲ್ಲ, ಹೊಡೆದಾಟ ಇಷ್ಟಪಡುವ ಫೈಟರ್‌ಗೆ ಬೇಸರವಾಯಿತು. ಅವಳ ನೋವನ್ನು ತೋರಿಸಿದಷ್ಟೇ ಹತ್ತಿರದಿಂದ ಅವಳು ಕೊಟ್ಟ ನೋವನ್ನೂ ತೋರಿಸಬೇಕಿತ್ತು. ಸವಳು ನೀರು ಕುಡಿದ ಕೂಸಿನ ಒಡೆದ ತುಟಿ, ನೀರಿಗಾಗಿ ಮೂರು ಹರಿದಾರಿ ನಡೆಯುವ ಬಸುರಿ, ಇವನ್ನು ತಂದ ಮೇಲೆಯೇ ಕಥೆ ನೆಟ್ಟಗಾಯಿತು.

ನಿಯಮಗಳ ಲೆಕ್ಕದಲ್ಲಿ ಅವಳು ಸರ್ಕಲ್ ಆಫ್ ದ ಲ್ಯಾಂಡ್, ಒಂಬತ್ತನೇ ಲೆವೆಲ್. ನಿಯಮದ ಪುಸ್ತಕದಲ್ಲಿರುವ ಸಾದಾ ಡ್ರೂಯಿಡ್‌ಗೆ 27 ಹಿಟ್ ಪಾಯಿಂಟ್, ಇವಳಿಗೆ 78 ಕೊಟ್ಟೆ. ಹೊಡೆಯುವ ಸ್ಪೆಲ್‌ಗಳಿಗಿಂತ ಕೇಳಿಸಿಕೊಳ್ಳುವ ಸ್ಪೆಲ್ ಹೆಚ್ಚು ಕೆಲಸಕ್ಕೆ ಬಂದವು. ಸ್ಪೀಕ್ ವಿತ್ ಪ್ಲಾಂಟ್ಸ್ ಹಾಕಿದರೆ ಹಿಂದಿನ ಒಂದು ದಿನದಲ್ಲಿ ಅಲ್ಲಿ ನಡೆದದ್ದನ್ನು ಗಿಡಗಳು ಹೇಳುತ್ತವೆ. ತಮ್ಮ ಗುಟ್ಟು ಹುಲ್ಲಿನಿಂದ ಹೊರಬಿತ್ತು ಅಂತ ತಿಳಿದ ಮೇಲೆ ನಮ್ಮವರು ಬರೀ ಕಲ್ಲುಬಂಡೆ ಮೇಲೆ ಕೂತು ಮಾತಾಡತೊಡಗಿದರು. ಎಂತಹ ಕರಡಿಯೂ ಅಷ್ಟು ದೂರದಿಂದ ಹೆದರಿಸಲಾರದು.

ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಅವೇಕನ್ ಎಂಬ ಸ್ಪೆಲ್. ಎಂಟು ತಾಸಿನ ಕೆಲಸ, ಸಾವಿರ ಚಿನ್ನದ ನಾಣ್ಯ ಬಾಳುವ ಅಗೇಟ್ ಕಲ್ಲು ಬೇಕು. ಹೊಸ ಊರಿನ ಬೇವಿನ ಮರಕ್ಕೆ ಬನವ್ವ ಬುದ್ಧಿ, ಮಾತು ಕೊಟ್ಟು ಬೇಹಿಗೆ ನಿಲ್ಲಿಸಿದ್ದಳು. 30 ದಿನ ಅದು ಅವಳ ಮೋಡಿಯಲ್ಲಿ. ಆಮೇಲೆ ಅವಳು ತನ್ನನ್ನು ಹೇಗೆ ನಡೆಸಿಕೊಂಡಳು ಎಂಬುದರ ಮೇಲೆ ಮರವೇ ತೀರ್ಮಾನಿಸುತ್ತದೆ. ಆಟಗಾರರಿಗೆ ಇದು ಗೊತ್ತಿರಲಿಲ್ಲ. ನಮ್ಮ ಕ್ಲೆರಿಕ್ (ಪೂಜಾರಿಣಿಯ ಪಾತ್ರ) ಮಾತ್ರ ದಿನಾ ತನ್ನ ಪಾಲಿನ ನೀರಲ್ಲಿ ಅರ್ಧ ಅದರ ಬುಡಕ್ಕೆ ಸುರಿಯುತ್ತಿದ್ದಳು. 31ನೇ ದಿನ ಬೇವು ಬಾಯಿಬಿಟ್ಟು, ಬನವ್ವ ಇರುವುದು ತನ್ನ ತವರುಮನೆಯಲ್ಲಿ, ಹೊಸ್ತಿಲ ಮೇಲೆ, ಅಂತ ಹೇಳಿತು.

ಕೊನೆಯ ವಾರ ನೀರು ಮೊಣಕಾಲಿಗೆ ಬಂದಿತ್ತು. ನೀರು ತಿರುಗಿಸುವ ಕಂಟ್ರೋಲ್ ವಾಟರ್, ಬಳ್ಳಿಯಲ್ಲಿ ಸಿಕ್ಕಿಸುವ ಎಂಟ್ಯಾಂಗಲ್ ಸ್ಪೆಲ್ ಎಲ್ಲ ಬರೆದು ಇಟ್ಟುಕೊಂಡಿದ್ದೆ, ಇನಿಷಿಯೇಟಿವ್ ಹಾಕಿ, ಅಂದರೆ ಹೊಡೆದಾಟದ ಸರದಿಗೆ ದಾಳ ಉರುಳಿಸಿ, ಅಂದೆ. ಎರಡು ವಾರ ಬೇಸರಪಟ್ಟಿದ್ದ ಅದೇ ಫೈಟರ್, “ನಾ ಕತ್ತಿ ತಗ್ಯಾಂಗಿಲ್ಲ. ಹಾರಿಕೋಲ ತಗೋತೇನಿ, ಹೊಸ್ತಿಲಾ ಎಬ್ಬಸ್ತೇನಿ,” ಅಂದ. ಬಲ ನೋಡುವ ದಾಳ, ಸ್ಟ್ರೆಂತ್ ಚೆಕ್‌ಗೆ 18 ಬಿತ್ತು. ಕಲ್ಲು ಅಲುಗಿತು. ನಾಲ್ವರೂ ಹೆಗಲು ಕೊಟ್ಟರು. ಬನವ್ವ ಸ್ವಲ್ಪ ಹೊತ್ತು ನೋಡಿ, ಐದನೆಯವಳಾಗಿ ತಾನೂ ಒಂದು ಮೂಲೆ ಹಿಡಿದಳು.